ಗಣಕಕ್ಕೆ ಸರಳ ನುಡಿ ಕಲಿಸಿದ ಗುರು

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಹಬ್ಬದ ದಿನ ಬೆಳಗಾಗುವುದು ಅಂಗಳದಲ್ಲಿ. ಸಗಣಿಯಿಂದ ಸಾರಿಸಿದ ನೆಲ ಇನ್ನೂ ಹಸಿಯಾಗಿರುವಾಗಲೇ ಮನೆಯ ಹೆಣ್ಣುಮಗಳು ರಂಗವಲ್ಲಿಯ ಬಟ್ಟಲನ್ನು ಹಿಡಿದು ಹೊರಗೆ ಬರುತ್ತಾಳೆ. ಆಕೆ ಮೊದಲು ಗೆರೆ ಎಳೆಯುವುದಿಲ್ಲ, ಚುಕ್ಕೆ ಇಡುತ್ತಾಳೆ. ನಡುವಿನ ಸಾಲಿಗೆ ಏಳು, ಅದರ ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆ ಮಾಡುತ್ತ ಕೊನೆಗೆ ಒಂದು. ಇಷ್ಟು ಹೇಳಿದರೆ ಸಾಕು, ಪಕ್ಕದ ಮನೆಯವಳು ಚಿತ್ರವನ್ನು ನೋಡದೆಯೇ ಅದೇ ಆಕೃತಿಯನ್ನು ತನ್ನ ಅಂಗಳದಲ್ಲಿ ಬಿಡಿಸಬಲ್ಲಳು. ಇಡೀ ಚಿತ್ರವನ್ನು ಒಂದು ಪುಟ್ಟ ಮಾತಿನಲ್ಲಿ ಕಟ್ಟಿ ಕೊಡುವ ಈ ಜಾಣ್ಮೆಯನ್ನು ನಮ್ಮ ಅಜ್ಜಿಯಂದಿರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ.

ಇಂದು ಪ್ರೌಢಶಾಲೆಯ ಗಣಕಯಂತ್ರದ ಮುಂದೆ ಕುಳಿತ ಬಾಲಕಿಯೊಬ್ಬಳು ಮಾಡುವ ಮೊದಲ ಕೆಲಸವೂ ಬಹುಮಟ್ಟಿಗೆ ಇದೇ ಆಗಿದೆ. ಆಕೆ ನಾಲ್ಕಾರು ಸಾಲುಗಳ ಆಜ್ಞೆಗಳನ್ನು ಬರೆಯುತ್ತಾಳೆ. ಗುಂಡಿಯೊಂದನ್ನು ಒತ್ತಿದೊಡನೆ ತೆರೆಯ ಮೇಲೆ ನಕ್ಷತ್ರ ಚಿಹ್ನೆಗಳಿಂದಾದ ತ್ರಿಕೋಣವೊಂದು ಮೂಡುತ್ತದೆ.

*
**
***
****
*****

ಆಕೆಯ ಮುಖ ಅರಳುತ್ತದೆ. ಯಂತ್ರವು ತನ್ನ ಮಾತನ್ನು ಕೇಳಿತೆಂಬ ಆನಂದವದು. ಈ ಆನಂದವು ಕೆಲವೇ ಪಂಡಿತರ ಸೊತ್ತಾಗಿ ಉಳಿಯದೆ ಸಾಮಾನ್ಯ ವಿದ್ಯಾರ್ಥಿಗೂ ದೊರೆಯುವಂತೆ ಮಾಡಿದವರಲ್ಲಿ ಅಗ್ರಗಣ್ಯರು ಜಾನ್ ಕೆಮೆನಿ. ಅವರು ದೊಡ್ಡ ಗಣಿತಜ್ಞರು. ಅದಕ್ಕಿಂತಲೂ ದೊಡ್ಡ ಉಪಾಧ್ಯಾಯರು.

ಕೆಮೆನಿಯವರು 1926ನೆಯ ಇಸವಿ ಮೇ ತಿಂಗಳ 31ರಂದು ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ ಒಂದು ಯೆಹೂದಿ ಮನೆತನದಲ್ಲಿ ಜನಿಸಿದರು. ತಂದೆ ವ್ಯಾಪಾರಸ್ಥರು. ಬಾಲಕ ಜಾನ್ ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಯುರೋಪಿನ ಆಕಾಶದಲ್ಲಿ ಕಾರ್ಮೋಡಗಳು ಕವಿಯತೊಡಗಿದ್ದವು. ಜರ್ಮನಿಯಲ್ಲಿ ಅಧಿಕಾರ ಹಿಡಿದಿದ್ದ ಹಿಟ್ಲರ್ 1938ರ ಮಾರ್ಚ್ ತಿಂಗಳಿನಲ್ಲಿ ನೆರೆಯ ಆಸ್ಟ್ರಿಯವನ್ನು ನುಂಗಿದನು. ಯೆಹೂದಿಗಳ ಪಾಲಿಗೆ ಇನ್ನು ಇಲ್ಲಿ ಬಾಳಿಲ್ಲವೆಂಬುದನ್ನು ತಂದೆ ಕೂಡಲೇ ಗ್ರಹಿಸಿದರು. ಅವರು ಅದೇ ವರ್ಷ ಒಬ್ಬರೇ ಅಮೆರಿಕಕ್ಕೆ ತೆರಳಿ, ಅಲ್ಲಿ ನೆಲೆಯೊಂದನ್ನು ಸಂಪಾದಿಸಿ, ಬಳಿಕ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 1940ರ ಜನವರಿಯಲ್ಲಿ ಕುಟುಂಬವು ನ್ಯೂಯಾರ್ಕ್ ಸೇರಿತು.

ಆದರೆ ಎಲ್ಲರೂ ಹೊರಡಲಿಲ್ಲ. ಹುಟ್ಟಿದ ನೆಲವನ್ನು ಬಿಟ್ಟು ಬರಲು ಅಜ್ಜ ಒಪ್ಪಲಿಲ್ಲ. ಅವರೂ, ಹಿಂದೆ ಉಳಿದ ಅತ್ತ ಕಡೆಯ ಕೆಲವು ಬಂಧುಗಳೂ ಮುಂದೆ ನಡೆದ ಯೆಹೂದಿಗಳ ಸಾಮೂಹಿಕ ಹತ್ಯೆಯಲ್ಲಿ ಅಸುನೀಗಿದರು. ಸಮಯವರಿತು ದೊರೆತ ಒಂದು ಅವಕಾಶವು ಮನುಷ್ಯನ ಬಾಳಿನಲ್ಲಿ ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಕೆಮೆನಿಯವರು ಹದಿಹರೆಯದಲ್ಲಿಯೇ ಇಷ್ಟು ಕಠೋರವಾದ ರೀತಿಯಲ್ಲಿ ಅರಿಯಬೇಕಾಯಿತು.

ನ್ಯೂಯಾರ್ಕಿನ ಶಾಲೆಗೆ ಸೇರಿದಾಗ ಆ ಬಾಲಕನಿಗೆ ಇಂಗ್ಲಿಷು ಸರಿಯಾಗಿ ಬರುತ್ತಿರಲಿಲ್ಲ. ಮಾತು ತಿಳಿಯದ ತರಗತಿಯಲ್ಲಿ ಕುಳಿತುಕೊಳ್ಳುವ ಸಂಕಟವನ್ನು ಅನುಭವಿಸಿದವರೇ ಬಲ್ಲರು. ಮನೆಯಲ್ಲಿ ಕನ್ನಡವಲ್ಲದೆ ಬೇರೊಂದು ಭಾಷೆ ಕೇಳದ ನಮ್ಮ ಹಳ್ಳಿಯ ಮಕ್ಕಳು ಪಟ್ಟಣದ ಕಾಲೇಜಿಗೆ ಹೋದಾಗ ಪಡುವ ಪಾಡು ಅಂತಹದೇ ಅಲ್ಲವೇ? ಕೆಮೆನಿ ಎದೆಗುಂದಲಿಲ್ಲ. 1943ರಲ್ಲಿ ಅವರು ಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿದಾಗ ತರಗತಿಗೆ ಮೊದಲಿಗರಾಗಿದ್ದರು. ಅಲ್ಲಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸೇರಿ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಓದತೊಡಗಿದರು.

ಆಗ ಎರಡನೆಯ ಮಹಾಯುದ್ಧವು ನಡೆಯುತ್ತಿತ್ತು. ವಿದ್ಯಾರ್ಥಿಯಾಗಿದ್ದ ಕೆಮೆನಿಯವರನ್ನು ಸೈನ್ಯಕ್ಕೆ ಸೇರಿಸಿಕೊಂಡು ಲಾಸ್ ಅಲಮೋಸ್ ಎಂಬಲ್ಲಿಗೆ ಕಳುಹಿಸಲಾಯಿತು. ಪರಮಾಣು ಬಾಂಬಿನ ನಿರ್ಮಾಣವು ಅಲ್ಲಿ ಗುಟ್ಟಾಗಿ ನಡೆದಿತ್ತು. ಅವರ ಕೆಲಸ ಲೆಕ್ಕದ ವಿಭಾಗದಲ್ಲಿ. ಮೇಲ್ವಿಚಾರಕರು ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ರಿಚರ್ಡ್ ಫೈನ್‌ಮನ್. ಅಲ್ಲಿದ್ದುದು ಇಂದಿನ ಗಣಕಗಳಲ್ಲ. ವ್ಯಾಪಾರದ ಲೆಕ್ಕಪತ್ರಗಳಿಗೆ ಬಳಸುತ್ತಿದ್ದ, ರಂಧ್ರ ಕೊರೆದ ಕಾರ್ಡುಗಳಿಂದ ನಡೆಯುವ ಯಂತ್ರಗಳು. ಅವು ಹಗಲಿರುಳು ದುಡಿದರೂ ಒಂದು ಸಮೀಕರಣವನ್ನು ಬಿಡಿಸಲು ಎರಡು ಮೂರು ವಾರಗಳು ಹಿಡಿಯುತ್ತಿದ್ದವು. ಆ ದಿನಗಳಲ್ಲಿಯೇ ಮತ್ತೊಬ್ಬ ಹಂಗೇರಿ ಸಂಜಾತ ಗಣಿತಜ್ಞರಾದ ಜಾನ್ ಫಾನ್ ನಾಯ್ಮನ್ ಅಲ್ಲಿ ಒಂದು ಉಪನ್ಯಾಸ ಮಾಡಿದರು. ಅಂಕಿಗಳನ್ನು ಮಾತ್ರವಲ್ಲದೆ ಆಜ್ಞೆಗಳನ್ನು ಕೂಡ ತನ್ನ ನೆನಪಿನಲ್ಲಿಯೇ ಇಟ್ಟುಕೊಂಡು ನಡೆಯುವ ಯಂತ್ರವೊಂದು ಬರಲಿದೆಯೆಂದು ಅವರು ವಿವರಿಸಿದರು. ಕೇಳುತ್ತಿದ್ದ ತರುಣನ ಮನಸ್ಸಿನಲ್ಲಿ ಆ ಕನಸು ಬೇರೂರಿತು.

ಯುದ್ಧ ಮುಗಿಯಿತು. 1945ರ ಆಗಸ್ಟಿನಲ್ಲಿ ಹಿರೋಷಿಮ ಮತ್ತು ನಾಗಸಾಕಿ ನಗರಗಳು ಬೂದಿಯಾದವು. ಲೆಕ್ಕವೊಂದು ಕಾಗದದಿಂದ ಹೊರಟು ಲೋಕವನ್ನು ಮುಟ್ಟಿದಾಗ ಏನಾಗಬಹುದೆಂಬುದನ್ನು ಆ ಪೀಳಿಗೆಯ ವಿಜ್ಞಾನಿಗಳೆಲ್ಲರೂ ಕಂಡರು. ಕೆಮೆನಿಯವರು ಮರಳಿ ಪ್ರಿನ್ಸ್‌ಟನ್ನಿಗೆ ಬಂದು, ತರ್ಕಶಾಸ್ತ್ರದಲ್ಲಿ ಪ್ರಸಿದ್ಧರಾಗಿದ್ದ ಅಲೊಂಜೊ ಚರ್ಚ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಸಂಶೋಧನೆಯ ಆ ದಿನಗಳಲ್ಲಿಯೇ ಅವರು ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಗಣಿತ ಸಹಾಯಕರಾಗಿದ್ದರು. ಇಂತಹ ಗುರುಗಳ ನೆರಳಿನಲ್ಲಿ ಬೆಳೆದವರು ಯಾವ ದೊಡ್ಡ ಪ್ರಯೋಗಾಲಯವನ್ನು ಬಯಸಿದ್ದರೂ ಸೇರಬಹುದಿತ್ತು. ಆದರೆ ಅವರು 1953ರಲ್ಲಿ ಸೇರಿದ್ದು ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹ್ಯಾನೋವರ್ ಎಂಬ ಸಣ್ಣ ಊರಿನ ಡಾರ್ಟ್‌ಮತ್ ಕಾಲೇಜನ್ನು. ಎರಡೇ ವರ್ಷಗಳಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ.

ಆ ಕಾಲೇಜಿನಲ್ಲಿ ಗಣಕಯಂತ್ರವಿರಲಿಲ್ಲ. ಹತ್ತಿರದ್ದೆಂದರೆ ಬಾಸ್ಟನ್ ನಗರದ ಬಳಿಯ ಎಂ.ಐ.ಟಿ. ಸಂಸ್ಥೆಯದು; ದೂರ ಸುಮಾರು 200 ಕಿಲೋಮೀಟರ್. ಕೆಮೆನಿಯವರ ಸಹೋದ್ಯೋಗಿ ಥಾಮಸ್ ಕರ್ಟ್ಸ್ ಅವರು ಕಾರ್ಡುಗಳ ಪೆಟ್ಟಿಗೆಯನ್ನು ಹೊತ್ತು ರೈಲಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಕಾರ್ಡುಗಳನ್ನು ಯಂತ್ರದ ಮೇಲ್ವಿಚಾರಕರ ಕೈಗೆ ಒಪ್ಪಿಸಬೇಕು. ಸರದಿ ಬಂದಾಗ ಅವರು ಅದನ್ನು ಯಂತ್ರಕ್ಕೆ ಊಡುವರು. ಬಹಳ ಹೊತ್ತು ಕಾದ ಮೇಲೆ ಫಲಿತಾಂಶದ ಕಾಗದ ದೊರೆಯುವುದು. ಎಲ್ಲಿಯೋ ಒಂದು ಅಲ್ಪವಿರಾಮ ತಪ್ಪಿದ್ದರೆ ಇಡೀ ಪ್ರಯಾಣವೇ ವ್ಯರ್ಥ. ಯಂತ್ರವನ್ನು ಮುಟ್ಟುವ ಭಾಗ್ಯ ಕೆಲವರಿಗೆ ಮಾತ್ರ. ಉಳಿದವರು ಗರ್ಭಗುಡಿಯ ಹೊರಗೆ ಕಾಯುವ ಭಕ್ತರಂತೆ ಕಾಯಬೇಕು.

ಕೆಮೆನಿಯವರಿಗೆ ಇದು ಸರಿಕಾಣಲಿಲ್ಲ. ಅವರ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಜ್ಞಾನವನ್ನು ಓದುವವರಾಗಿರಲಿಲ್ಲ. ಸಾಹಿತ್ಯ, ಚರಿತ್ರೆ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳಾಗಿದ್ದರು. ನಾಳೆ ಸರ್ಕಾರವನ್ನು, ಬ್ಯಾಂಕುಗಳನ್ನು, ಕಾರ್ಖಾನೆಗಳನ್ನು ನಡೆಸುವವರು ಇವರೇ. ಗಣಕಯಂತ್ರವು ಸಮಾಜದ ಎಲ್ಲ ಮೂಲೆಗಳನ್ನೂ ಹೊಗುವ ದಿನ ಬರಲಿದೆ. ಆಗ ಅದರ ಬಗೆಗೆ ತೀರ್ಮಾನ ಮಾಡುವವರು ಅದನ್ನು ಒಮ್ಮೆಯೂ ಮುಟ್ಟದವರಾಗಿದ್ದರೆ ಹೇಗೆ? ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಗಣಕವನ್ನು ಬಳಸಲು ಕಲಿಯಬೇಕು. ಗ್ರಂಥಾಲಯದ ಕಪಾಟುಗಳು ಹೇಗೆ ಎಲ್ಲರಿಗೂ ತೆರೆದಿರುತ್ತವೆಯೋ ಹಾಗೆಯೇ ಗಣಕವೂ ತೆರೆದಿರಬೇಕು. ಇದು ಕೆಮೆನಿ ಮತ್ತು ಕರ್ಟ್ಸ್ ಅವರ ಸಂಕಲ್ಪವಾಯಿತು.

ಸಂಕಲ್ಪಕ್ಕೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಹಣ. ಆ ಕಾಲದ ಗಣಕದ ಬೆಲೆ ಅಪಾರ. ಕಾಲೇಜೊಂದು ಒಂದನ್ನು ಕೊಳ್ಳುವುದೇ ಕಷ್ಟ. ನೂರಾರು ವಿದ್ಯಾರ್ಥಿಗಳು ಒಂದೇ ಯಂತ್ರವನ್ನು ಬಳಸುವುದೆಂತು? ಇದಕ್ಕೆ ದೊರೆತ ಉತ್ತರ ಕಾಲಹಂಚಿಕೆಯ ಪದ್ಧತಿ. ಎಂ.ಐ.ಟಿ.ಯಲ್ಲಿದ್ದ ಜಾನ್ ಮೆಕಾರ್ತಿ ಅವರು ಇದನ್ನು ಕರ್ಟ್ಸ್ ಅವರಿಗೆ ಸೂಚಿಸಿದ್ದರು. ನಮ್ಮ ಮಲೆನಾಡಿನ ಏಕೋಪಾಧ್ಯಾಯ ಶಾಲೆಯನ್ನು ಕಂಡವರಿಗೆ ಇದನ್ನು ತಿಳಿಯುವುದು ಸುಲಭ. ಅಲ್ಲಿ ನಾಲ್ಕು ತರಗತಿಗಳು ಒಂದೇ ಕೋಣೆಯಲ್ಲಿ. ಮಾಸ್ತರರು ಒಂದನೆಯ ತರಗತಿಗೆ ಅಕ್ಷರ ತಿದ್ದಲು ಹೇಳಿ, ಎರಡನೆಯದಕ್ಕೆ ಮಗ್ಗಿ ಒಪ್ಪಿಸಲು ಹೇಳಿ, ಮೂರನೆಯದಕ್ಕೆ ಲೆಕ್ಕ ಕೊಟ್ಟು, ನಾಲ್ಕನೆಯದರ ಪಾಠ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬರುತ್ತಾರೆ. ಗಣಕವೂ ಹಾಗೆಯೇ ಒಬ್ಬರ ಕೆಲಸಕ್ಕೆ ಸ್ವಲ್ಪ ಹೊತ್ತು, ಇನ್ನೊಬ್ಬರ ಕೆಲಸಕ್ಕೆ ಸ್ವಲ್ಪ ಹೊತ್ತು ಕೊಡುತ್ತ ಸುತ್ತು ಬರುತ್ತದೆ. ಅದರ ವೇಗ ಬಹಳವಾದುದರಿಂದ ಯಂತ್ರವು ತನ್ನೊಬ್ಬನದೇ ಎಂದು ಪ್ರತಿಯೊಬ್ಬನಿಗೂ ತೋರುತ್ತದೆ.

ಎರಡನೆಯ ಅಡ್ಡಿ ಭಾಷೆಯದು. ಅಂದಿನ ಗಣಕ ಭಾಷೆಗಳು ತಜ್ಞರಿಗಾಗಿ ಮಾಡಿದವು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆ ವಿಜ್ಞಾನಿಗಳಿಗೆ ಅನುಕೂಲವಾಗಿದ್ದರೂ, ಅದರಲ್ಲಿ ಎಲ್ಲಿ ಅಲ್ಪವಿರಾಮ ಬರಬೇಕು, ಯಾವ ಅಂಕಿ ಮೊದಲು, ಯಾವುದು ಆಮೇಲೆ ಎಂಬುದನ್ನು ನೆನಪಿಡುವುದೇ ಹೊಸಬರಿಗೆ ಹೊರೆಯಾಗುತ್ತಿತ್ತು. ಪರದೇಶದ ಶಾಲೆಯಲ್ಲಿ ಮಾತು ತಿಳಿಯದೆ ಕುಳಿತಿದ್ದ ಹಳೆಯ ವಿದ್ಯಾರ್ಥಿಯೇ ಈಗ ಉಪಾಧ್ಯಾಯರಾಗಿದ್ದರು. ಕಲಿಯುವವನು ಭಾಷೆಯ ಬಾಗಿಲಲ್ಲಿಯೇ ಎಡವಿ ಬೀಳಬಾರದೆಂದು ಅವರು ಬಗೆದರು. 1962ರಲ್ಲಿ ಡೋಪ್ ಎಂಬ ಹೆಸರಿನ ಒಂದು ಪ್ರಯೋಗ ನಡೆಯಿತು. ಅದರ ಅನುಭವದಿಂದ ಹೊಸ ಭಾಷೆಯೊಂದು ರೂಪುಗೊಂಡಿತು. ಅದೇ ಬೇಸಿಕ್. ಆರಂಭಿಕರಿಗಾಗಿ ಮಾಡಿದ, ಎಲ್ಲ ಕೆಲಸಗಳಿಗೂ ಒದಗುವ ಸಾಂಕೇತಿಕ ಆಜ್ಞಾವಳಿ ಎಂಬುದು ಆ ಹೆಸರಿನ ವಿಸ್ತಾರ.

ಬೇಸಿಕ್ ಭಾಷೆಯ ಆಜ್ಞೆಗಳು ಬೆರಳೆಣಿಕೆಯವು. ಅವು ಸಾಮಾನ್ಯ ಇಂಗ್ಲಿಷಿನ ಸಣ್ಣ ಮಾತುಗಳು. ಒಂದು ಬೆಲೆಯನ್ನು ಕೊಡಲು ಲೆಟ್, ಅಚ್ಚು ಮಾಡಲು ಪ್ರಿಂಟ್, ಹೀಗಿದ್ದರೆ ಎನ್ನಲು ಇಫ್, ಇಷ್ಟು ಸಲ ಮಾಡು ಎನ್ನಲು ಫಾರ್, ಮುಂದಿನದಕ್ಕೆ ಸಾಗಲು ನೆಕ್ಸ್ಟ್, ಮುಗಿಯಿತೆನ್ನಲು ಎಂಡ್. ಪ್ರತಿ ಸಾಲಿಗೂ ಒಂದು ಸಂಖ್ಯೆ. ಸಾಮಾನ್ಯವಾಗಿ 10, 20, 30 ಎಂದು ಹತ್ತರ ಅಂತರದಲ್ಲಿ ಸಂಖ್ಯೆ ಕೊಡುವರು. ಏಕೆಂದರೆ ಮರೆತುಹೋದ ಆಜ್ಞೆಯೊಂದನ್ನು ಆಮೇಲೆ ನಡುವೆ ಸೇರಿಸಬೇಕಾದರೆ 15 ಎಂದು ಬರೆದು ಸೇರಿಸಿದರಾಯಿತು. ಕಲಿಯುವವರು ಮರೆಯುತ್ತಾರೆ, ತಪ್ಪು ಮಾಡುತ್ತಾರೆ ಎಂಬುದನ್ನು ಬಲ್ಲವರಿಗೆ ಇಂತಹ ಏರ್ಪಾಡು ಮೆಚ್ಚುಗೆಯಾಗುತ್ತದೆ.

1964ರ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಗಣಕವು ಡಾರ್ಟ್‌ಮತ್ತಿಗೆ ಬಂದಿತು. ಅದಕ್ಕೆ ಬೇಕಾದ ಕ್ರಮವಿಧಿಗಳನ್ನು ಬರೆಯುವ ಬಹುಪಾಲು ಕೆಲಸವನ್ನು ಕೆಮೆನಿಯವರು ಒಪ್ಪಿಸಿದ್ದು ತಮ್ಮ ವಿದ್ಯಾರ್ಥಿಗಳಿಗೆ. ಪದವಿಯನ್ನೂ ಪಡೆಯದ ಹುಡುಗರು ಹಗಲು ಪಾಠ ಕೇಳಿ ರಾತ್ರಿ ಯಂತ್ರದೊಡನೆ ಸೆಣಸಿದರು. ಆ ವರ್ಷದ ಮೇ 1ರಂದು ನಸುಕಿನ ನಾಲ್ಕು ಗಂಟೆಗೆ ಕೆಮೆನಿಯವರು ಒಂದು ಯಂತ್ರದ ಮುಂದೆ, ವಿದ್ಯಾರ್ಥಿಯೊಬ್ಬರು ಇನ್ನೊಂದರ ಮುಂದೆ ಕುಳಿತರು. ಇಬ್ಬರೂ ಏಕಕಾಲದಲ್ಲಿ ತಮ್ಮ ತಮ್ಮ ಕ್ರಮವಿಧಿಯನ್ನು ನಡೆಸುವಂತೆ ಆಜ್ಞೆ ಕೊಟ್ಟರು. ಎರಡು ಕಡೆಯೂ ಸರಿಯುತ್ತರ ಬಂದಿತು. ಪ್ರಾಧ್ಯಾಪಕರಿಗೂ ಶಿಷ್ಯನಿಗೂ ಯಂತ್ರವು ಸಮಾನವಾಗಿ ಓಗೊಟ್ಟ ಆ ನಸುಕು ಗಣಕದ ಚರಿತ್ರೆಯಲ್ಲಿ ನೆನೆಯತಕ್ಕದ್ದು.

ವಿದ್ಯಾರ್ಥಿಗಳ ಮುಂದಿದ್ದುದು ಇಂದಿನಂತಹ ಹೊಳೆಯುವ ತೆರೆಯಲ್ಲ. ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರ. ತಂತಿಯ ಮೂಲಕ ಗಣಕಕ್ಕೆ ಜೋಡಿಸಿದ ಅದು ಸೆಕೆಂಡಿಗೆ 10 ಅಕ್ಷರಗಳಂತೆ ಕಾಗದದ ಸುರುಳಿಯ ಮೇಲೆ ಗದ್ದಲ ಮಾಡುತ್ತ ಅಚ್ಚು ಹಾಕುತ್ತಿತ್ತು. ಅದಕ್ಕೆ ಗೆರೆ ಎಳೆಯಲು ಬಾರದು, ಬಣ್ಣ ತುಂಬಲು ಬಾರದು. ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಅದರ ಬಂಡವಾಳ. ಆದರೂ ಚಿತ್ರ ಬಿಡಿಸುವ ಆಸೆ ಮನುಷ್ಯನನ್ನು ಬಿಡುವುದೇ? ಅಕ್ಷರಗಳನ್ನೇ ಚುಕ್ಕೆಗಳನ್ನಾಗಿ ಮಾಡಿಕೊಂಡು ಆಕೃತಿಗಳನ್ನು ಬಿಡಿಸುವುದು ಇಂತಹ ಯಂತ್ರಗಳ ಮುಂದೆ ಕುಳಿತವರಿಗೆಲ್ಲ ಪ್ರಿಯವಾದ ಆಟವಾಯಿತು.

ಈ ಆಟದ ಒಳಗುಟ್ಟನ್ನು ಸ್ವಲ್ಪ ನೋಡೋಣ. ಮೇಲೆ ಕಂಡ ತ್ರಿಕೋಣವನ್ನು ಬರೆಯಲು ಐದು ಸಾಲುಗಳನ್ನೂ ಬಿಡಿಬಿಡಿಯಾಗಿ ಹೇಳಬೇಕಾಗಿಲ್ಲ. ಸಾಲಿನ ಸಂಖ್ಯೆ ಒಂದರಿಂದ ಐದರವರೆಗೆ ಏರಲಿ. ಪ್ರತಿ ಸಾಲಿನಲ್ಲಿಯೂ ಆ ಸಾಲಿನ ಸಂಖ್ಯೆಯಷ್ಟು ನಕ್ಷತ್ರಗಳು ಬರಲಿ. ಆಮೇಲೆ ಹೊಸ ಸಾಲಿಗೆ ಹೋಗು. ಇಷ್ಟೇ ಕ್ರಮವಿಧಿ. ಇಲ್ಲಿ ಒಂದು ಆವರ್ತನೆಯ ಹೊಟ್ಟೆಯಲ್ಲಿ ಇನ್ನೊಂದು ಆವರ್ತನೆಯಿದೆ. ಹೊರಗಿನದು ಸಾಲುಗಳನ್ನು ಎಣಿಸುತ್ತದೆ. ಒಳಗಿನದು ಸಾಲಿನೊಳಗಿನ ನಕ್ಷತ್ರಗಳನ್ನು ಎಣಿಸುತ್ತದೆ. ಐದು ಎಂಬಲ್ಲಿ ಐವತ್ತು ಎಂದು ತಿದ್ದಿದರೆ ಐವತ್ತು ಸಾಲುಗಳ ತ್ರಿಕೋಣ ಸಿದ್ಧ. ಬರೆಯುವವನ ಶ್ರಮ ಹೆಚ್ಚುವುದಿಲ್ಲ. ಯಂತ್ರದ ಶ್ರಮ ಮಾತ್ರ ಹೆಚ್ಚುತ್ತದೆ.

ಇನ್ನು ರಂಗವಲ್ಲಿಯಂತಹ ವಜ್ರಾಕೃತಿಯನ್ನು ತೆಗೆದುಕೊಳ್ಳೋಣ.

   *
  ***
 *****
*******
 *****
  ***
   *

ಇಲ್ಲಿ ನಕ್ಷತ್ರಗಳನ್ನಷ್ಟೇ ಎಣಿಸಿದರೆ ಸಾಲದು. ಪ್ರತಿ ಸಾಲಿನ ಮೊದಲಿಗಿರುವ ಖಾಲಿ ಜಾಗವನ್ನೂ ಎಣಿಸಬೇಕು. ಮೇಲಿನ ನಾಲ್ಕು ಸಾಲುಗಳಲ್ಲಿ ಖಾಲಿ ಜಾಗಗಳು ಕ್ರಮವಾಗಿ ಮೂರು, ಎರಡು, ಒಂದು, ಸೊನ್ನೆ. ಎಂದರೆ ಸಾಲಿನ ಸಂಖ್ಯೆಯನ್ನು ನಾಲ್ಕರಿಂದ ಕಳೆದರೆ ಬರುವಷ್ಟು. ನಕ್ಷತ್ರಗಳು ಒಂದು, ಮೂರು, ಐದು, ಏಳು. ಎಂದರೆ ಸಾಲಿನ ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆದರೆ ಬರುವಷ್ಟು. ಕೆಳಗಿನ ಮೂರು ಸಾಲುಗಳಿಗೆ ಇದೇ ಎಣಿಕೆಯನ್ನು ಮೂರರಿಂದ ಒಂದಕ್ಕೆ ಇಳಿಸಿಕೊಂಡು ಬಂದರಾಯಿತು. ಒಟ್ಟು ನಕ್ಷತ್ರಗಳು ಇಪ್ಪತ್ತೈದು. ಚಿತ್ರವನ್ನು ನೋಡಿದವನಿಗೆ ಕಾಣುವುದು ನಕ್ಷತ್ರಗಳು ಮಾತ್ರ. ಬರೆದವನು ಮಾತ್ರ ಕಾಣದ ಖಾಲಿ ಜಾಗಕ್ಕೂ ಲೆಕ್ಕ ಇಟ್ಟಿರಬೇಕು.

ಇನ್ನೊಂದು ಸಂಗತಿಯಿದೆ. ಟೆಲಿಟೈಪಿನ ಕಾಗದದಲ್ಲಿ ಒಂದು ಅಂಗುಲ ಅಗಲಕ್ಕೆ 10 ಅಕ್ಷರಗಳು ಹಿಡಿಯುತ್ತಿದ್ದವು. ಒಂದು ಅಂಗುಲ ಎತ್ತರಕ್ಕೆ 6 ಸಾಲುಗಳು ಮಾತ್ರ. ಆದುದರಿಂದ ಆರು ಸಾಲು, ಸಾಲಿಗೆ ಆರು ನಕ್ಷತ್ರ ಎಂದು ಚೌಕವನ್ನು ಬರೆಯಹೊರಟವನಿಗೆ ದೊರೆಯುತ್ತಿದ್ದುದು ನಿಂತ ಆಯತ! ಚೌಕ ಬೇಕಾದರೆ ಆರು ಸಾಲಿಗೆ ಹತ್ತು ನಕ್ಷತ್ರಗಳಿರಬೇಕು. ವೃತ್ತವನ್ನು ಬರೆಯಹೊರಟರೆ ಅದು ಮೊಟ್ಟೆಯಾಗುತ್ತಿತ್ತು. ಏಕೆ ಹೀಗಾಯಿತೆಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳುವನು, ಅಳತೆಪಟ್ಟಿ ಹಿಡಿಯುವನು, ಪ್ರಮಾಣವನ್ನು ಕಂಡುಹಿಡಿಯುವನು, ತಿದ್ದುವನು, ಮತ್ತೆ ನಡೆಸಿ ನೋಡುವನು. ದಿನಗಟ್ಟಲೆ ಕಾಯಬೇಕಾಗಿದ್ದ ತಿದ್ದುಪಡಿ ಈಗ ನಿಮಿಷಗಳಲ್ಲಿ ಮುಗಿಯುತ್ತಿತ್ತು. ತಪ್ಪು ಎಂಬುದು ಅವಮಾನವಾಗಿ ಉಳಿಯದೆ ಮುಂದಿನ ಹೆಜ್ಜೆಗೆ ದಾರಿಯಾಯಿತು. ಕೆಮೆನಿಯವರು ತಂದ ನಿಜವಾದ ಬದಲಾವಣೆ ಇದು.

ಬೇಸಿಕ್ ಭಾಷೆಯನ್ನು ಅದರ ಕರ್ತೃಗಳು ಹಣಕ್ಕೆ ಮಾರಲಿಲ್ಲ. ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ದೂರವಾಣಿಯ ತಂತಿಗಳ ಮೂಲಕ ಸುತ್ತಲಿನ ಪ್ರೌಢಶಾಲೆಗಳ ಮಕ್ಕಳು ಕೂಡ ಡಾರ್ಟ್‌ಮತ್ತಿನ ಗಣಕವನ್ನು ಬಳಸತೊಡಗಿದರು. ಲಾಸ್ ಅಲಮೋಸಿನಲ್ಲಿ ತಾವೆಲ್ಲರೂ ಸೇರಿ ಒಂದು ವರ್ಷ ದುಡಿದು ಮಾಡಿದ ಲೆಕ್ಕವನ್ನು ಈಗ ಒಬ್ಬ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲನೆಂದು ಕೆಮೆನಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಎಂಬ ತರುಣರು ಆಲ್ಟೇರ್ ಎಂಬ ಪುಟ್ಟ ಗಣಕಕ್ಕೆ ಬೇಸಿಕ್ ಭಾಷೆಯನ್ನು ಅಳವಡಿಸಿದರು. ಮನೆಮನೆಗೆ ಬಂದ ಸಣ್ಣ ಗಣಕಗಳಲ್ಲೆಲ್ಲ ಅದೇ ಭಾಷೆ ನೆಲೆಸಿತು. ಭಾರತ ಸರ್ಕಾರವು 1984ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಗಣಕಗಳನ್ನು ಕೊಡತೊಡಗಿದಾಗ ನಮ್ಮ ಮಕ್ಕಳು ಅದರಲ್ಲಿ ಕಂಡದ್ದೂ ಬೇಸಿಕ್ಕನ್ನೇ.

ಈ ಭಾಷೆಗೆ ಟೀಕೆಗಳೂ ಬಂದವು. ಅದು ಅಶಿಸ್ತಿನ ಬರವಣಿಗೆಗೆ ಎಡೆಗೊಡುತ್ತದೆ, ಕಲಿಯುವವರ ಆಲೋಚನೆಯನ್ನು ಕೆಡಿಸುತ್ತದೆ ಎಂದು ಕೆಲವು ಪಂಡಿತರು ಕಟುವಾಗಿಯೇ ನುಡಿದರು. ಸಣ್ಣ ಗಣಕಗಳಲ್ಲಿ ಹಿಡಿಸಲೆಂದು ಮೊಟಕುಗೊಳಿಸಿದ ಬೇಸಿಕ್ಕಿನ ರೂಪಗಳನ್ನು ಕಂಡು ಕೆಮೆನಿ ಮತ್ತು ಕರ್ಟ್ಸ್ ಅವರೂ ನೊಂದರು. 1980ರ ದಶಕದಲ್ಲಿ ಅವರು ಟ್ರೂ ಬೇಸಿಕ್ ಎಂಬ ಪರಿಷ್ಕೃತ ರೂಪವನ್ನು ಹೊರತಂದರು. ಅದಕ್ಕೆ ಹಳೆಯದರಷ್ಟು ಪ್ರಚಾರ ದೊರೆಯಲಿಲ್ಲ. ಇಂದು ಶಾಲೆಗಳಲ್ಲಿ ಪೈಥಾನ್ ಮೊದಲಾದ ಬೇರೆ ಭಾಷೆಗಳನ್ನು ಕಲಿಸುತ್ತಾರೆ. ಆದರೆ ಆರಂಭಿಕನಿಗೂ ಗಣಕದೊಡನೆ ಮಾತನಾಡುವ ಹಕ್ಕಿದೆ ಎಂಬ ತತ್ತ್ವವು ಹಳೆಯದಾಗಲಿಲ್ಲ.

ಕೆಮೆನಿಯವರ ಬಾಳು ಗಣಕಕ್ಕೆ ಮಾತ್ರ ಸೀಮಿತವಾದುದಲ್ಲ. 1970ರಿಂದ 1981ರವರೆಗೆ ಅವರು ಡಾರ್ಟ್‌ಮತ್ ಕಾಲೇಜಿನ ಅಧ್ಯಕ್ಷರಾಗಿದ್ದರು. 1769ರಲ್ಲಿ ಸ್ಥಾಪನೆಯಾದ ಆ ಕಾಲೇಜು ಎರಡು ಶತಮಾನಗಳ ಕಾಲ ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ವಿರೋಧವನ್ನು ಎದುರಿಸಿ ಅವರು 1972ರಲ್ಲಿ ಹೆಣ್ಣುಮಕ್ಕಳಿಗೆ ಅದರ ಬಾಗಿಲನ್ನು ತೆರೆಸಿದರು. ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗೆ ವಿದ್ಯೆ ನೀಡುವುದು ಕಾಲೇಜಿನ ಸ್ಥಾಪನೆಯ ಉದ್ದೇಶಗಳಲ್ಲಿ ಒಂದಾಗಿದ್ದರೂ ಆ ಮಾತು ಕಾಗದದಲ್ಲಿಯೇ ಉಳಿದಿತ್ತು. ಅದನ್ನು ಕಾರ್ಯಕ್ಕೆ ತರಲು ಶ್ರಮಿಸಿದರು. ಇಷ್ಟೆಲ್ಲ ಹೊಣೆಗಳ ನಡುವೆಯೂ ತರಗತಿಗೆ ಹೋಗಿ ಗಣಿತ ಕಲಿಸುವುದನ್ನು ಬಿಡಲಿಲ್ಲ. ಅಧಿಕಾರದ ಕುರ್ಚಿಗಿಂತ ಕರಿಹಲಗೆಯೇ ಅವರಿಗೆ ಪ್ರಿಯವಾಗಿತ್ತು.

1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅಪಘಾತ ಸಂಭವಿಸಿತು. ಅದರ ವಿಚಾರಣೆಗಾಗಿ ಅಧ್ಯಕ್ಷ ಕಾರ್ಟರ್ ಅವರು ನೇಮಿಸಿದ ಆಯೋಗದ ನಾಯಕತ್ವ ಕೆಮೆನಿಯವರಿಗೆ ಬಂದಿತು. ಆರು ತಿಂಗಳಲ್ಲಿ ವರದಿ ಸಿದ್ಧವಾಯಿತು. ಅಪಘಾತದ ಮೊದಲ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಸೂಚನೆಗಳು ಒಮ್ಮೆಗೇ ಮೊಳಗಿದ್ದವು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ತಿಳಿಯುವ ಬಗೆಯೇ ಕೆಲಸಗಾರರಿಗೆ ಇರಲಿಲ್ಲ. ದೋಷದ ಮೂಲವು ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರ ತರಬೇತಿಯಲ್ಲಿ, ಸಂಸ್ಥೆಗಳ ನಡವಳಿಕೆಯಲ್ಲಿ ಇದೆಯೆಂದು ಆಯೋಗವು ನಿರ್ಭೀತಿಯಿಂದ ಸಾರಿತು. ಯಂತ್ರವು ಮನುಷ್ಯನಿಗೆ ತಿಳಿಯುವ ಮಾತನ್ನು ಆಡಬೇಕೆಂದು ಜೀವನವಿಡೀ ದುಡಿದವರಿಗೆ ಈ ಸತ್ಯವು ಬೇಗನೆ ಗೋಚರಿಸಿದುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ 2000ನೆಯ ಇಸವಿಯಿಂದ ಪರಮಾಣು ವಿದ್ಯುತ್ತು ದೊರೆಯುತ್ತಿದೆ. ಅಂತಹ ಸ್ಥಾವರವೊಂದರ ನೆರೆಯಲ್ಲಿ ಬಾಳುವ ನಾವು ಆ ವರದಿಯ ಪಾಠವನ್ನು ಮರೆಯುವಂತಿಲ್ಲ.

ಅಧ್ಯಕ್ಷ ಪದವಿಯಿಂದ ನಿವೃತ್ತರಾದ ಕೆಮೆನಿಯವರು ಮತ್ತೆ ಪೂರ್ಣಕಾಲದ ಉಪಾಧ್ಯಾಯರಾದರು. 1992ರ ಡಿಸೆಂಬರ್ 26ರಂದು ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜೊತೆಗಾರ ಕರ್ಟ್ಸ್ ದೀರ್ಘಕಾಲ ಬಾಳಿ 2024ರ ನವೆಂಬರಿನಲ್ಲಿ ನಿಧನರಾದರು. ಇಬ್ಬರ ದುಡಿಮೆಯನ್ನು ಬೇರೆ ಬೇರೆ ಮಾಡಿ ಅಳೆಯುವುದು ಸಾಧ್ಯವಿಲ್ಲ.

ಇಂದಿನ ಗಣಕಗಳಲ್ಲಿ ಕನ್ನಡದ ಅಕ್ಷರಗಳೂ ಮೂಡುತ್ತವೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೂ ಅದರಲ್ಲಿ ಸ್ಥಾನ ದೊರೆತಿತ್ತು. ನಕ್ಷತ್ರದ ಬದಲು ನಮ್ಮದೇ ಅಕ್ಷರವನ್ನಿಟ್ಟು ತ್ರಿಕೋಣವನ್ನು ಬರೆದು ನೋಡಬಹುದು. ಆದರೆ ಕನ್ನಡದ ಅಕ್ಷರಗಳು ಒಂದೇ ಅಗಲದವಲ್ಲ. ಒತ್ತು, ದೀರ್ಘಗಳು ಸೇರಿದರಂತೂ ಸಾಲು ಅಂಕುಡೊಂಕಾಗುತ್ತದೆ. ಇದನ್ನು ಸರಿಪಡಿಸುವುದು ಹೇಗೆ? ಹಳೆಯ ಟೆಲಿಟೈಪಿನ ಮುಂದೆ ಕುಳಿತವನಿಗೆ ಎದುರಾದಂತಹದೇ ಪ್ರಶ್ನೆ ಈಗ ನಮ್ಮ ಮಕ್ಕಳ ಮುಂದಿದೆ. ಅಳತೆಪಟ್ಟಿ ಹಿಡಿದು ಉತ್ತರವನ್ನು ಹುಡುಕುವುದು ಅವರಿಗೆ ಬಿಟ್ಟ ಕೆಲಸ.

ಹುಲಗೋಳದ ಅಂಗಳದಲ್ಲಿ ಚುಕ್ಕೆ ಇಡುವ ಅಜ್ಜಿ ತನ್ನ ರಂಗವಲ್ಲಿಯ ಸೂತ್ರವನ್ನು ಯಾರಿಂದಲೂ ಬಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಹೇಳಿಕೊಟ್ಟಳು. ಆದುದರಿಂದಲೇ ಅದು ಊರಿನ ಎಲ್ಲ ಅಂಗಳಗಳಲ್ಲಿಯೂ ಅರಳಿತು. ಊರನ್ನು ಕಳೆದುಕೊಂಡು, ಬಂಧುಗಳನ್ನು ಕಳೆದುಕೊಂಡು, ಅರಿಯದ ಭಾಷೆಯ ನಾಡಿಗೆ ಬಂದ ಬಾಲಕನು ಬೆಳೆದು ತನ್ನ ವಿದ್ಯೆಯನ್ನು ಹಾಗೆಯೇ ಹಂಚಿದನು. ಗಣಕದ ತೆರೆಯ ಮೇಲೆ ಐದು ಸಾಲಿನ ತ್ರಿಕೋಣವನ್ನು ಮೂಡಿಸಿ ನಗುವ ಪ್ರತಿಯೊಂದು ಮಗುವೂ ಆ ಗುರುವಿನ ಶಿಷ್ಯನೇ.